ಅಜ್ಜನ ಕಾದಂಬರಿ, ಮೊಮ್ಮಗಳ ತಕರಾರು

ಚಿಕ್ಕೋಡಿ ತಾಲ್ಲೂಕಿನ ಹೊಳೆದಂಡೆಯ ನಮ್ಮ ಮನೆಯಲ್ಲಿ ಕಾದಂಬರಿಗೆ ಒಂದೇ ಪರೀಕ್ಷೆ. ರಾತ್ರಿ ಊಟವಾದ ಮೇಲೆ ನಾನು ಗಟ್ಟಿಯಾಗಿ ಓದುವಾಗ ಕೇಳುವವರು ಎದ್ದು ಹೋಗಬಾರದು. ಕೇಳುವವರೆಂದರೆ ಏಳನೆಯ ಇಯತ್ತೆಯ ಮೊಮ್ಮಗಳು, ಆಕೆಯ ಆಯಿ, ಕೆಲಸ ಮುಗಿದಿದ್ದರೆ ಸೊಸೆ. ನಾನೇನು ವಿಮರ್ಶಕನಲ್ಲ. ಕಬ್ಬಿನ ಹೊಲ ಮಗನ ಕೈಗೆ ಕೊಟ್ಟ ಮೇಲೆ ಪುಸ್ತಕ ಹಿಡಿದು ಕೂತವನು. ಮೊಮ್ಮಗಳದು ಇಂಗ್ಲಿಷ್ ಶಾಲೆ. ಕನ್ನಡವನ್ನು ಪಟಪಟ ಮಾತಾಡುತ್ತಾಳೆ, ಓದೆಂದರೆ ಒಂದೊಂದೇ ಅಕ್ಷರ ಕೂಡಿಸುತ್ತಾಳೆ. ಅದೇ ನನ್ನ ಚಿಂತೆಯಾಗಿತ್ತು.

ಈ ಮಳೆಗಾಲದಲ್ಲಿ ಓದಿದ್ದು ವಸುಧೇಂದ್ರರ ‘ತೇಜೋ ತುಂಗಭದ್ರಾ’. 2019ರಲ್ಲಿ ಬಂದ ದಪ್ಪ ಪುಸ್ತಕ. ತೇಜೋ ಎಂದರೆ ಪೋರ್ಚುಗಲ್‌ನ ಲಿಸ್ಬನ್ ನಗರದ ನದಿ. ಅಲ್ಲಿಯ ಗೇಬ್ರಿಯಲ್ ಎಂಬ ಬಡ ಹುಡುಗ ಬೆಲ್ಲಾಳನ್ನು ಮೆಚ್ಚಿ, ಹಣ ಗಳಿಸಿ ಬರುತ್ತೇನೆಂದು ಹಡಗು ಹತ್ತುತ್ತಾನೆ. ಈ ಕಡೆ ವಿಜಯನಗರದ ಸೀಮೆಯಲ್ಲಿ, ತುಂಗಭದ್ರೆಯ ದಡದಲ್ಲಿ ಹಂಪಮ್ಮನ ಕಥೆ. ಎರಡೂ ಹೇಗೆ ಕೂಡುತ್ತವೆ ಎಂಬುದನ್ನು ಹೇಳಿದರೆ ಓದುವ ರುಚಿ ಕೆಡುತ್ತದೆ.

“ಅಜ್ಜಾ, ಬರೇ ಮೆಣಸಿನಕಾಳಿನ ಸಲುವಾಗಿ ಇಷ್ಟ ದೂರ ಬಂದ್ರೇನ?” ಎಂದಳು ಮೊಮ್ಮಗಳು. ವಾಸ್ಕೋ ಡ ಗಾಮ 1498ರಲ್ಲಿ ಬಂದ, 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದಳು. ಆ ಹಡಗಿನಲ್ಲಿ ಮನುಷ್ಯರಿದ್ದರು, ಅವರಿಗೂ ಹಸಿವು, ಹೆದರಿಕೆ ಇತ್ತು ಎಂಬುದು ಪಾಠದಲ್ಲಿ ಇರಲಿಲ್ಲ. ಅಟ್ಲಾಸ್ ತಂದು ಬೆರಳಿಟ್ಟು ನೋಡಿದಳು. ನಮ್ಮ ಕುಡಚಿ ಸೇತುವೆಯ ಕೆಳಗೆ ಹರಿದು ಹೋಗುವ ಕೃಷ್ಣೆಯನ್ನೇ ತುಂಗಭದ್ರೆ ಬಹಳ ದೂರ ಮುಂದೆ ಹೋಗಿ ಕೂಡುತ್ತದೆ ಎಂದು ಕಂಡಾಗ ಪುಸ್ತಕ ಆಕೆಗೆ ಮನೆಯದೇ ಆಯಿತು.

ಬೆಲ್ಲಾ ಯಹೂದಿ ಮನೆತನದವಳು. ಧರ್ಮದ ಹೆಸರಿನಲ್ಲಿ ಆ ಜನರನ್ನು ಕಾಡಿದ ಕಾಲವದು. ಅವರ ಸಂಕಟ ಓದುತ್ತಿದ್ದಾಗ ಆಯಿ ಕಣ್ಣು ಒರೆಸಿಕೊಂಡಳು. ಅದೇ 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಹೊಳೆದಂಡೆಯ ಊರುಗಳು ಖಾಲಿಯಾಗಿದ್ದವು. ನಾವೂ ಗಂಟುಮೂಟೆ ಕಟ್ಟಿಕೊಂಡು ಹೊರಟವರೇ. “ಎಮ್ಮಿ ಹಗ್ಗ ಬಿಚ್ಚಿ ಬಿಟ್ಟು ಬಂದಿದ್ವಿ, ನೆನಪೈತೇನ?” ಎಂದಳು ಆಯಿ. ಆಗ ಸಣ್ಣವಳಾಗಿದ್ದ ಮೊಮ್ಮಗಳಿಗೆ ಎಮ್ಮೆ ನೆನಪಿತ್ತು, ನೀರು ನೆನಪಿರಲಿಲ್ಲ. ಅಂದು ಓದು ಅಲ್ಲಿಗೇ ನಿಂತಿತು.

ಒಂದು ಎಚ್ಚರಿಕೆ. ಇದರಲ್ಲಿ ಹಿಂಸೆಯ ಪ್ರಸಂಗಗಳು ಬಹಳ. ಸಣ್ಣ ಮಕ್ಕಳ ಮುಂದೆ ಓದುವ ಅಜ್ಜ ಅಜ್ಜಿಯರು ಮೊದಲು ತಾವು ಓದಿಕೊಳ್ಳಬೇಕು. ನಾನು ಕೆಲವು ಪುಟ ಹಾರಿಸಿದೆ. ಕೆಲವೆಡೆ ಕಾಕತಾಳೀಯಗಳು ಹೆಚ್ಚಾದವು ಎಂದೂ ಅನಿಸಿತು. ಆದರೆ ಮೊಮ್ಮಗಳು ರಾತ್ರಿಯವರೆಗೆ ಕಾಯಲಾರದೆ, ಮಧ್ಯಾಹ್ನ ತಾನೇ ಬೆರಳಿಟ್ಟು ಹತ್ತು ಪುಟ ಓದಿದ್ದಳು. ಇದಕ್ಕಿಂತ ದೊಡ್ಡ ಬಹುಮಾನ ಯಾವ ಕಾದಂಬರಿಗೆ ಬೇಕು?

ಆಮೇಲೆ ಓದಿದ್ದು ವಿವೇಕ ಶಾನಭಾಗರ ‘ಘಾಚರ್ ಘೋಚರ್’, 2013ರದು. ಇದು ಸಣ್ಣದು, ನಾಲ್ಕೈದು ರಾತ್ರಿಗೆ ಮುಗಿಯುತ್ತದೆ. ಬೆಂಗಳೂರಿನ ಒಂದು ಮನೆತನ. ಮೊದಲು ಬಡತನ, ಇರುವೆ ತುಂಬಿದ ಸಣ್ಣ ಮನೆ. ಚಿಕ್ಕಪ್ಪ ಮಸಾಲೆ ವ್ಯಾಪಾರ ಶುರು ಮಾಡಿದ ಮೇಲೆ ಹಣ ಬರುತ್ತದೆ, ಹಣದ ಹಿಂದೆ ಮನೆಯವರ ಮಾತು, ಮನಸ್ಸು ಎರಡೂ ಬದಲಾಗುತ್ತವೆ. ಇರುವೆ ಕೊಲ್ಲುವ ಭಾಗಕ್ಕೆ ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ನನಗೆ ಅಷ್ಟು ನಗು ಬರಲಿಲ್ಲ. ಕಬ್ಬಿನ ಬಿಲ್ಲು ಬಂದ ಮೇಲೆ ಅಣ್ಣತಮ್ಮಂದಿರು ಒಂದೇ ಒಲೆಯನ್ನು ಮೂರು ಮಾಡಿಕೊಂಡ ಮನೆಗಳು ನಮ್ಮ ಸೀಮೆಯಲ್ಲಿ ಎಷ್ಟಿಲ್ಲ! ಕೊನೆಯನ್ನು ಲೇಖಕರು ಬಿಡಿಸಿ ಹೇಳುವುದಿಲ್ಲ. “ಮುಂದೇನಾತು?” ಎಂದು ಆಯಿ ನನ್ನನ್ನೇ ಬೈದಳು. ಬಿಡಿಸಿ ಹೇಳದಿದ್ದದ್ದೇ ಸರಿ ಎಂಬುದು ನನ್ನ ಮತ. ಎರಡು ದಿನ ಅದೇ ತಲೆಯಲ್ಲಿ ಉಳಿಯಿತು.

ಗಾಳಿಪಟದ ದಾರ ಬಿಡಿಸಲಾಗದಂತೆ ಸಿಕ್ಕಾದಾಗ ಒಬ್ಬ ಹುಡುಗ ಹುಟ್ಟಿಸಿದ ಮಾತು ‘ಘಾಚರ್ ಘೋಚರ್’. ಅದಕ್ಕೆ ಯಾವ ನಿಘಂಟಿನಲ್ಲೂ ಅರ್ಥವಿಲ್ಲ. ಮೊಮ್ಮಗಳಿಗೆ ಇದು ಬಹಳ ಹಿಡಿಸಿತು. ಅವಳ ಮಾತಿನಲ್ಲೇ ಮೂರು ಭಾಷೆ. ತಾಯಿ ನಿಪ್ಪಾಣಿಯವಳು, ಮರಾಠಿ ಮನೆಮಾತು. ಬಟಾಟಿ, ಪೇರಲ, ಖಿಡಕಿ ಎಂದರೆ ಶಾಲೆಯಲ್ಲಿ ಕೆಲವರು ನಗುತ್ತಾರಂತೆ. “ನಮ್ಮ ಮಾತಿನ್ಯಾಗ ಕಾದಂಬರಿ ಇಲ್ಲೇನಜ್ಜಾ?” ಎಂದು ಕೇಳಿದಳು.

ಇದೆ. ಈಗಿನ ಕಾಗವಾಡ ತಾಲ್ಲೂಕಿನ ಶೇಡಬಾಳದಲ್ಲಿ ಹುಟ್ಟಿದ ಮಿರ್ಜಿ ಅಣ್ಣಾರಾಯರು 1940ರ ದಶಕದಲ್ಲೇ ‘ನಿಸರ್ಗ’ ಬರೆದು, ಇಲ್ಲಿಯ ಒಕ್ಕಲು ಮನೆಗಳ ಮಾತನ್ನು ಇದ್ದಂತೆ ಕಾದಂಬರಿಯೊಳಗೆ ತಂದರು. ಓದಿಸಿದೆ. ಕೆಲವು ಶಬ್ದ ಆಯಿಗೆ ಮಾತ್ರ ತಿಳಿದವು. ಹಾಗಾಗಿ ಎರಡು ವಾರ ನನ್ನ ಜಾಗದಲ್ಲಿ ಅವಳೇ ಮಾಸ್ತರಳು! ಆದರೆ ನಮ್ಮ ಇಂದಿನ ನೆರೆ, ಕಬ್ಬು, ಇಂಗ್ಲಿಷ್ ಶಾಲೆ, ಗಡಿಯ ಮಾತು ಎಲ್ಲ ಇರುವ ಹೊಸ ಕಾದಂಬರಿ ನನ್ನ ಕೈಗೆ ಇನ್ನೂ ಸಿಕ್ಕಿಲ್ಲ. ಬೆಂಗಳೂರಿನ ಕಾಫಿಯ ವಾಸನೆ ಪುಸ್ತಕದಲ್ಲಿ ಸಾಕಷ್ಟು ಬಂದಿದೆ. ಅಥಣಿಯ ಬೆಲ್ಲದ ವಾಸನೆಯೂ ಬರಲಿ.

ಸದ್ಯ ಸೊಸೆಯ ಸರದಿ. ನಿಪ್ಪಾಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಲೇ ಅಲ್ಲಿಯ ದುಡಿಯುವ ಜನರ ಬದುಕನ್ನು ಮರಾಠಿಯಲ್ಲಿ ಬರೆದ ಮಹಾದೇವ ಮೋರೆಯವರ ಪುಸ್ತಕವೊಂದನ್ನು ತವರಿನಿಂದ ತಂದಿದ್ದಾಳೆ. ಒಂದೊಂದು ಪುಟ ಓದಿ ಕನ್ನಡದಲ್ಲಿ ಹೇಳುತ್ತಾಳೆ. ಶಬ್ದ ಸಿಗದೆ ತಡವರಿಸಿದರೆ ಮೊಮ್ಮಗಳು ತಾಯಿಗೇ ಹೇಳಿಕೊಡುತ್ತಾಳೆ. ನಿನ್ನೆ ಅವರಿಬ್ಬರಿಗೂ ಒಂದು ಶಬ್ದದ ಮೇಲೆ ಜಗಳವಾಯಿತು. ಆಯಿಯ ತೀರ್ಪು ಇನ್ನೂ ಬಂದಿಲ್ಲ.