ನಾಲ್ಕು ತಾಲ್ಲೂಕಿನ ಮೇವು, ಒಂದೇ ಹೊಟ್ಟೆಯ ನಿಯಮ

ದಾವಣಗೆರೆ ಜಿಲ್ಲೆಯಲ್ಲಿ ಜಗಳೂರಿನ ಹಸುವೊಂದನ್ನು ಹೊನ್ನಾಳಿಯವರು ಕೊಂಡು ತಂದರೆ ಅದರ ಊಟವೇ ಬದಲಾಗುತ್ತದೆ. ಮಳೆಯನ್ನೇ ನಂಬಿದ ಜಗಳೂರಿನಲ್ಲಿ ಅದು ತಿಂದದ್ದು ಮೆಕ್ಕೆಜೋಳದ ಸಪ್ಪೆ, ಶೇಂಗಾ ಬಳ್ಳಿ. ಭದ್ರಾ ನಾಲೆಯ ನೀರುಂಡ ಹೊನ್ನಾಳಿ, ಚನ್ನಗಿರಿ ಭಾಗದಲ್ಲಿ ಸಿಗುವುದು ಭತ್ತದ ಹುಲ್ಲು, ತೋಟದ ಹಸಿಹುಲ್ಲು. ನ್ಯಾಮತಿಯ ಹೊಲಗಳಲ್ಲಿ ಮತ್ತೆ ಮೆಕ್ಕೆಜೋಳ. ಹೊಸದಾಗಿ ಹಸು ಸಾಕುವವರು ಎಡವುವುದು ಹೆಚ್ಚಾಗಿ ಈ ಬದಲಾವಣೆಯಲ್ಲೇ. ಹಸು ತಂದ ಮರುದಿನವೇ ಹೊಸ ಮೇವು, ಹೊಸ ಹಿಂಡಿ ಸುರಿಯುತ್ತಾರೆ. ಮೂರನೆಯ ದಿನ ಅದು ಮೆಲುಕು ಹಾಕುವುದನ್ನೇ ನಿಲ್ಲಿಸಿದಾಗ ಗಾಬರಿಯಾಗುತ್ತಾರೆ.

ಕಾರಣ ಹಸುವಿನ ಹೊಟ್ಟೆಯಲ್ಲಿದೆ. ಅದರ ಹೊಟ್ಟೆಯ ನಾಲ್ಕು ಭಾಗಗಳಲ್ಲಿ ಅತಿ ದೊಡ್ಡದು ರೂಮೆನ್. ಅಲ್ಲಿನ ಒಂದು ಮಿಲಿಲೀಟರ್ ದ್ರವದಲ್ಲಿ ಸುಮಾರು ಸಾವಿರ ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ. ಹುಲ್ಲಿನ ನಾರನ್ನು ಹಸು ತಾನೇ ಅರಗಿಸಿಕೊಳ್ಳಲಾರದು. ಈ ಸೂಕ್ಷ್ಮಜೀವಿಗಳು ಅದನ್ನು ಹುಳಿಸಿ ಕೊಬ್ಬಿನಾಮ್ಲಗಳಾಗಿ ಮಾರ್ಪಡಿಸುತ್ತವೆ. ಹಸುವಿಗೆ ಬೇಕಾದ ಶಕ್ತಿಯ ಸುಮಾರು ಶೇ. 70ರಷ್ಟು ಬರುವುದು ಅವುಗಳಿಂದಲೇ. ನಾರಿನಿಂದ ಹುಟ್ಟುವ ಅಸಿಟಿಕ್ ಆಮ್ಲ ಹಾಲಿನ ಜಿಡ್ಡಾಗುತ್ತದೆ. ಒಣಹುಲ್ಲು ಕಡಿಮೆ ಮಾಡಿ ಹಿಂಡಿಯನ್ನೇ ಹೆಚ್ಚಿಸಿದ ಮನೆಯ ಹಾಲಿಗೆ ಡೇರಿಯಲ್ಲಿ ಫ್ಯಾಟ್ ಇಳಿಯುವುದು ಇದರಿಂದಾಗಿ.

ಒಂದೊಂದು ಮೇವಿಗೂ ಬೇರೆ ಬೇರೆ ಬ್ಯಾಕ್ಟೀರಿಯಾ ಗುಂಪು ಬೇಕು. ಹೊಸ ಗುಂಪು ಬೆಳೆದು ನೆಲೆಗೊಳ್ಳಲು ಹತ್ತು ಹದಿನಾಲ್ಕು ದಿನ ಹಿಡಿಯುತ್ತದೆ. ಆದ್ದರಿಂದ ಹಸು ಕೊಳ್ಳುವಾಗ ಹಳೆಯ ಮನೆಯವರು ಏನು ತಿನ್ನಿಸುತ್ತಿದ್ದರೆಂದು ಕೇಳಿ, ಅದೇ ಮೇವನ್ನು ಒಂದಿಷ್ಟು ಜೊತೆಗೇ ತನ್ನಿ. ಹೊಸದನ್ನು ಕಾಲು ಭಾಗದಿಂದ ಆರಂಭಿಸಿ, ದಿನ ಕಳೆದಂತೆ ಏರಿಸಿ.

ಮೆಕ್ಕೆಜೋಳದ ನಾಡಿನಲ್ಲಿ ದೊಡ್ಡ ಅಪಾಯ ಕಾಳಿನದು. ಹಗ್ಗ ಬಿಚ್ಚಿಕೊಂಡ ಹಸು ಕಣದಲ್ಲಿ ಒಣಹಾಕಿದ ಕಾಳು ಮುಕ್ಕಬಹುದು. ಮದುವೆಯಲ್ಲಿ ಉಳಿದ ಅನ್ನ, ಪಾಯಸವನ್ನು ಯಾರೋ ಪ್ರೀತಿಯಿಂದಲೇ ಗೋದಲಿಗೆ ಸುರಿಯಬಹುದು. ಪಿಷ್ಟ ಬೇಗ ಹುಳಿಯುವುದರಿಂದ ಲ್ಯಾಕ್ಟಿಕ್ ಆಮ್ಲ ಹೆಚ್ಚುತ್ತದೆ. ಸಾಮಾನ್ಯವಾಗಿ 6ರಿಂದ 7ರ ನಡುವೆ ಇರುವ ರೂಮೆನ್ನಿನ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ನಾರು ಅರಗಿಸುವ ಬ್ಯಾಕ್ಟೀರಿಯಾಗಳು ಸಾಯತೊಡಗುತ್ತವೆ. ಹುಳಿವಾಸನೆಯ ತೆಳು ಸಗಣಿ, ಮಂಕು, ನಿಂತ ಮೆಲುಕು ಕಂಡರೆ ಕಾಯದೆ ವೈದ್ಯರನ್ನು ಕರೆಸಬೇಕು. ಈ ಹುಳಿಗೆ ಹಸುವೇ ಮಾಡಿಕೊಳ್ಳುವ ಮದ್ದು ಜೊಲ್ಲು. ಸೋಡಾ ಅಂಶವಿರುವ ಜೊಲ್ಲನ್ನು ಅದು ದಿನಕ್ಕೆ ನೂರು ಲೀಟರಿಗೂ ಹೆಚ್ಚು ಸುರಿಸಬಲ್ಲದು, ಆದರೆ ಅಗಿಯಲು ಸಾಕಷ್ಟು ಉದ್ದನೆಯ ನಾರು ಸಿಕ್ಕಾಗ ಮಾತ್ರ. ಬೂಷ್ಟು ಹಿಡಿದ ಮೆಕ್ಕೆಜೋಳವನ್ನಂತೂ ಹಾಕಲೇಬೇಡಿ. ಅದರಲ್ಲಿನ ಅಫ್ಲಾಟಾಕ್ಸಿನ್ ವಿಷ ಹಾಲಿಗೂ ಇಳಿಯುತ್ತದೆ, ಆ ಹಾಲನ್ನು ಮಕ್ಕಳು ಕುಡಿಯುತ್ತಾರೆ.

ಭತ್ತದ ಹುಲ್ಲಿನ ಸಮಸ್ಯೆ ಇದಕ್ಕೆ ವಿರುದ್ಧ. ಹೊಟ್ಟೆ ತುಂಬುತ್ತದೆ, ಬ್ಯಾಕ್ಟೀರಿಯಾಗಳು ಹಸಿದಿರುತ್ತವೆ. ಅವು ಚೆನ್ನಾಗಿ ದುಡಿಯಲು ಮೇವಿನಲ್ಲಿ ಕನಿಷ್ಠ ಶೇ. 7ರಷ್ಟು ಪ್ರೋಟೀನ್ ಬೇಕು. ಭತ್ತದ ಹುಲ್ಲಿನಲ್ಲಿರುವುದು ಶೇ. 3–4 ಮಾತ್ರ. ಅಲಸಂದೆ, ಕುದುರೆ ಮಸಾಲೆ, ಅಗಸೆ ಸೊಪ್ಪು ಬೆರೆಸಿದರೆ ಕೊರತೆ ತುಂಬುತ್ತದೆ. ಹುಲ್ಲನ್ನು ಯೂರಿಯಾದಿಂದ ಉಪಚರಿಸುವುದು ಇನ್ನೊಂದು ದಾರಿ. 100 ಕೆ.ಜಿ. ಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ ಮೂರು ವಾರ ಮುಚ್ಚಿಡಬೇಕು. ಆರು ತಿಂಗಳೊಳಗಿನ ಕರುವಿಗೆ ಇದು ಬೇಡ. ಯೂರಿಯಾ ನೀರನ್ನು ದನ ನೇರವಾಗಿ ಕುಡಿದರೆ ಸಾವೇ ಬರಬಹುದು, ಹಾಗಾಗಿ ಮೊದಲ ಸಲ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದವರನ್ನೋ ಪಶುವೈದ್ಯರನ್ನೋ ಕೇಳಿಯೇ ಮಾಡಿ.

ಜಗಳೂರಿನಂಥ ಬರದ ಸೀಮೆಯಲ್ಲಿ ಜೋಳದ ಬಗ್ಗೆ ಎಚ್ಚರವಿರಲಿ. ಮಳೆಯಿಲ್ಲದೆ ಗಿಡ್ಡಾಗಿ ನಿಂತ ಎಳೆ ಜೋಳದಲ್ಲಿ, ಕೊಯ್ದ ಮೇಲೆ ಚಿಗುರಿದ ಕುಳೆಯಲ್ಲಿ ಧುರಿನ್ ಎಂಬ ಅಂಶ ಹೆಚ್ಚು. ದನ ಅಗಿದಾಗ ಅದರಿಂದ ಸಯನೈಡ್ ಹೊರಬಿದ್ದು, ಜೀವಕೋಶಗಳು ಆಮ್ಲಜನಕ ಬಳಸದಂತೆ ತಡೆಯುತ್ತದೆ. ಹೂ ಬರುವ ಮುನ್ನ ಜೋಳದ ಹೊಲಕ್ಕೆ ದನ ಬಿಡಬಾರದೆಂಬ ಹಿರಿಯರ ಮಾತಿನ ಹಿಂದೆ ಈ ರಸಾಯನಶಾಸ್ತ್ರವಿದೆ.

ಲೆಕ್ಕ ಕಷ್ಟದ್ದಲ್ಲ. 400 ಕೆ.ಜಿ. ತೂಕದ, ದಿನಕ್ಕೆ 8 ಲೀಟರ್ ಕರೆಯುವ ಹಸುವಿಗೆ ನೀರಿನಂಶ ಕಳೆದು 10ರಿಂದ 12 ಕೆ.ಜಿ. ಮೇವು ಬೇಕು. ಹಸಿ ಮೇವಿನ ಮುಕ್ಕಾಲು ಪಾಲಿಗೂ ಹೆಚ್ಚು ನೀರೇ ಆದ್ದರಿಂದ 20 ಕೆ.ಜಿ. ಹಸಿ ಮೇವು, 4 ಕೆ.ಜಿ. ಒಣಹುಲ್ಲು, ಎರಡು ಹೊತ್ತಿಗೆ ಹಂಚಿದ ನಾಲ್ಕೂವರೆ ಕೆ.ಜಿ. ಪಶು ಆಹಾರ, 50 ಗ್ರಾಂ ಖನಿಜ ಮಿಶ್ರಣ ಸರಿಹೊಂದುತ್ತದೆ. ನೀರು ಸದಾ ಎದುರಿಗಿರಲಿ. ಹುಟ್ಟಿದ ಕರುವಿಗೆ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ. ತಾಯಿಯ ರೋಗನಿರೋಧಕ ಕಣಗಳು ಗರ್ಭದಲ್ಲಿ ಕರುವಿಗೆ ದಾಟುವುದಿಲ್ಲ, ಗಿಣ್ಣಿನಲ್ಲೇ ಸಿಗಬೇಕು. ಆರು ತಿಂಗಳಿಗೊಮ್ಮೆ ಕಾಲುಬಾಯಿ ಜ್ವರದ ಲಸಿಕೆ ತಪ್ಪಿಸಬೇಡಿ. ತುರ್ತಿಗೆ ಪಶು ಸಂಜೀವಿನಿಯ 1962 ಸಂಖ್ಯೆ ಇದೆ.

ಒಂದು ಹಸುವಿಗೆ ವರ್ಷಕ್ಕೆ ಏಳು ಟನ್ನಿನಷ್ಟು ಹಸಿ ಮೇವು, ಒಂದೂವರೆ ಟನ್ ಒಣಹುಲ್ಲು ಬೇಕಾಗುತ್ತದೆ. ಅಷ್ಟನ್ನು ಬೆಳೆಯಲು ನೆಲ, ಇಲ್ಲವೇ ಕೊಳ್ಳಲು ಹಣ, ಬೇಸಿಗೆಗೆ ಬಣವೆ ಅಥವಾ ರಸಮೇವು ಸಿದ್ಧವಾಗಿದೆಯೇ ಎಂದು ಮೊದಲು ನೋಡಿಕೊಳ್ಳಿ. ಸಿದ್ಧವಾಗಿದ್ದರೆ ಸಂತೆಗೆ ಹೋಗಿ ಹಸು ತನ್ನಿ. ಇಲ್ಲದಿದ್ದರೆ ಈ ಮಳೆಗಾಲದಲ್ಲಿ ಮೇವು ಬಿತ್ತಿ, ಹಸುವನ್ನು ಮುಂದಿನ ವರ್ಷ ತನ್ನಿ.