ಕಾಲೇಜು ಊರಿನ ರಾತ್ರಿ

ಕಾಲೇಜುಗಳ ತರಗತಿಗಳು ಆರಂಭವಾಗುವ ಕಾಲಕ್ಕೆ ಮಣಿಪಾಲದ ರಾತ್ರಿಯನ್ನು ಕುರಿತ ಚರ್ಚೆಯೂ ಹೊಸದಾಗಿ ಆರಂಭವಾಗುವುದು ವಾಡಿಕೆಯಾಗಿದೆ. ಪಾನಗೃಹಗಳು ಹೆಚ್ಚಿದುವು, ಸಂಗೀತದ ಗದ್ದಲ ಹೆಚ್ಚಿತು, ಹುಡುಗರೂ ಹುಡುಗಿಯರೂ ಹೊತ್ತಲ್ಲದ ಹೊತ್ತಿನಲ್ಲಿ ಬೀದಿಯಲ್ಲಿರುವರು ಎಂಬುದು ಒಂದು ಪಕ್ಷ. ಪ್ರಾಯದವರು ಸಂಜೆಯಾದ ಮೇಲೆ ಹೋಗಬೇಕಾದುದಾದರೂ ಎಲ್ಲಿಗೆ ಎಂಬುದು ಇನ್ನೊಂದು ಪಕ್ಷ. ಮೊದಲನೆಯ ಪಕ್ಷದವರು ಅಧಿಕಾರಿಗಳಲ್ಲಿಗೆ ಮನವಿಯನ್ನು ಒಯ್ಯುವರು. ಎರಡನೆಯವರು ಹೆಚ್ಚಾಗಿ ಪರವೂರಿನವರಾದುದರಿಂದ ಎಲ್ಲಿಗೂ ಒಯ್ಯಲಾರರು. ಬಾಗಿಲು ಮುಚ್ಚುವ ಗಂಟೆ ಯಾವುದಾಗಿರಬೇಕು ಎಂಬ ಮಾತಿನಲ್ಲಿಯೇ ಚರ್ಚೆ ಮುಗಿಯುತ್ತದೆ. ಮುಚ್ಚಬೇಕಾದುದನ್ನು ಕುರಿತು ಇಷ್ಟೊಂದು ವಾದ ನಡೆದಿರುವಾಗ ತೆರೆದಿರಬೇಕಾದುದು ಯಾವುದು ಎಂಬ ಪ್ರಶ್ನೆಯನ್ನು ಯಾರೂ ಎತ್ತದಿರುವುದು ನಮಗೆ ವಿಚಿತ್ರವಾಗಿ ತೋರುತ್ತದೆ.

ಉಡುಪಿಯಿಂದ ಮೂಡಲಿಗೆ ಸುಮಾರು ಐದು ಕಿಲೋಮೀಟರು ದೂರದಲ್ಲಿ, ಮುರಕಲ್ಲಿನ ಗುಡ್ಡದ ಮೇಲೆ, ಈ ಊರು ಬೆಳೆದ ಬಗೆಯನ್ನು ವಾಚಕರು ಬಲ್ಲರು. ಡಾಕ್ಟರ್ ಟಿ. ಎಂ. ಎ. ಪೈಯವರು 1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂದಿತು. 1993ರಲ್ಲಿ ಇವೆಲ್ಲವೂ ಸೇರಿ ವಿಶ್ವವಿದ್ಯಾಲಯದ ಮಾನ್ಯತೆಯನ್ನು ಪಡೆದುವು. ಧಾರವಾಡಕ್ಕೋ ಮೈಸೂರಿಗೋ ಕಾಲೇಜು ಬಂದಾಗ ಅಲ್ಲಿ ಊರು ಮೊದಲೇ ಇದ್ದಿತು. ಪೇಟೆಯಿದ್ದಿತು, ಜಾತ್ರೆಯಿದ್ದಿತು, ಹಾಡು ನಾಟಕಗಳ ರುಚಿಯಿದ್ದಿತು; ವಿದ್ಯಾರ್ಥಿಯು ಬಂದು ಅವುಗಳ ನಡುವೆ ತನ್ನ ಸ್ಥಳವನ್ನು ಹುಡುಕಿಕೊಂಡನು. ಮಣಿಪಾಲದಲ್ಲಿ ಆದುದು ಇದಕ್ಕೆ ವಿಪರೀತ. ಇಲ್ಲಿ ಕಾಲೇಜು ಮೊದಲು, ಪೇಟೆ ಆಮೇಲೆ. ಆದುದರಿಂದ ಪೇಟೆಯಲ್ಲಿ ಹುಟ್ಟಿದುದೆಲ್ಲವೂ ವಿದ್ಯಾರ್ಥಿಯ ಹಣದ ಚೀಲವನ್ನೇ ನೋಡಿಕೊಂಡು ಹುಟ್ಟಿತು. ಊರ ರಾತ್ರಿಯ ಈಗಿನ ಸ್ವರೂಪಕ್ಕೆ ಹುಡುಗರ ಸ್ವಭಾವಕ್ಕಿಂತ ಇದೇ ಹೆಚ್ಚಿನ ಕಾರಣವೆಂದು ನಾವು ತಿಳಿಯುತ್ತೇವೆ.

ಆ ರಾತ್ರಿಯಲ್ಲಿ ಇರುವುದಾದರೂ ಏನು? ಟೈಗರ್ ಸರ್ಕಲ್ಲಿನ ಸುತ್ತ ಉಪಾಹಾರಗೃಹಗಳು. ದೊಡ್ಡ ದನಿಯ ಸಂಗೀತವೂ ಕುಣಿತಕ್ಕೆ ಸ್ಥಳವೂ ಉಳ್ಳ ಪಾನಗೃಹಗಳು. ಸ್ವರ್ಣಾ ನದಿಯ ಕಣಿವೆಯನ್ನು ನೋಡಲು ಎಂಡ್ ಪಾಯಿಂಟೆಂಬ ಗುಡ್ಡದ ಅಂಚು. ಸ್ವಲ್ಪ ದೂರ ಹೋದರೆ ಮಲ್ಪೆಯ ಕಡಲ ದಂಡೆ. ವರ್ಷಕ್ಕೊಮ್ಮೆ ಇಂಜಿನಿಯರಿಂಗ್ ವಿದ್ಯಾರ್ಥಿಗಳ ರೆವೆಲ್ಸ್ ಎಂಬ ಉತ್ಸವ. ಗುಡ್ಡದ ಅಂಚೂ ಕಡಲೂ ಕತ್ತಲಾದ ಮೇಲೆ ಹೋಗತಕ್ಕ ಸ್ಥಳಗಳಲ್ಲ; ಉತ್ಸವವು ನಾಲ್ಕು ದಿನದ ಮಾತು. ಉಳಿದ ರಾತ್ರಿಗಳಲ್ಲಿ ಹಣವಿದ್ದವನಿಗೆ ಪಾನಗೃಹ, ಹಣವಿಲ್ಲದವನಿಗೆ ಹಾಸ್ಟೆಲ್ಲಿನ ಮಂಚ ಮತ್ತು ಕೈಯೊಳಗಿನ ಫೋನು. ದೇಶದ ನಾನಾ ಪ್ರಾಂತ್ಯಗಳಿಂದಲೂ ಹೊರದೇಶಗಳಿಂದಲೂ ಬಂದು ನಾಲ್ಕೈದು ವರ್ಷ ಇಲ್ಲಿರುವ ತರುಣರಿಗೆ ಈ ನಾಡು ತನ್ನ ಪರಿಚಯವನ್ನು ಮಾಡಿಕೊಡುವ ಬಗೆ ಇದು. ಅವರಿಂದ ಬರುವ ಬಾಡಿಗೆಯನ್ನು ಹಗಲಿನಲ್ಲಿ ಎಣಿಸಿಕೊಂಡು, ರಾತ್ರಿಯಲ್ಲಿ ಬಾಡಿಗೆದಾರನನ್ನು ಬೈಯುವುದು ಪೌರರಿಗೆ ಶೋಭಿಸುವ ನಡೆಯಲ್ಲ.

ನಾವು ಪಾನದ ಪಕ್ಷಪಾತಿಗಳಲ್ಲ. ಈ ಜಿಲ್ಲೆಯು ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದಾಗ, 1937ರಲ್ಲಿ ಸೇಲಂ ಜಿಲ್ಲೆಯಿಂದ ಆರಂಭವಾದ ಪಾನನಿರೋಧವು 1948ರ ಹೊತ್ತಿಗೆ ಇಲ್ಲಿಗೂ ಹಬ್ಬಿದ್ದಿತು. ಅದನ್ನು ತೆಗೆದುಹಾಕಿದ ಸರಕಾರಗಳು ಬೊಕ್ಕಸಕ್ಕಾದ ಲಾಭವನ್ನು ಲೆಕ್ಕ ಹಾಕಿದಷ್ಟು ಸಂಸಾರಗಳಿಗಾದ ನಷ್ಟವನ್ನು ಲೆಕ್ಕ ಹಾಕಿದುವೆಂದು ನಾವು ನಂಬುವುದಿಲ್ಲ. ಆದರೆ ಮಾರಾಟಕ್ಕೆ ಪರವಾನಗಿ ಕೊಟ್ಟ ಮೇಲೆ ಕಾನೂನು ಸ್ಪಷ್ಟವಾಗಿರಬೇಕಷ್ಟೆ. ನಮ್ಮ ರಾಜ್ಯದ ಸ್ಥಿತಿಯನ್ನು ನೋಡಿರಿ. 1965ರ ಅಬಕಾರಿ ಕಾಯಿದೆಯು ಹದಿನೆಂಟು ವರ್ಷಕ್ಕೆ ಕಡಮೆಯವರಿಗೆ ಮದ್ಯವನ್ನು ಮಾರಬಾರದೆನ್ನುತ್ತದೆ. ಅದೇ ಕಾಯಿದೆಯ ಅಡಿಯಲ್ಲಿ ರಚಿತವಾದ 1967ರ ನಿಯಮಗಳು ಇಪ್ಪತ್ತೊಂದು ಎಂದುವು. 2023ರ ಜನವರಿಯಲ್ಲಿ ಸರಕಾರವು ನಿಯಮದ ಇಪ್ಪತ್ತೊಂದನ್ನು ಹದಿನೆಂಟಕ್ಕೆ ಇಳಿಸಹೊರಟು, ಜನರ ವಿರೋಧವನ್ನು ಕಂಡು ಹಿಂದೆ ಸರಿಯಿತು. ಕಾಲೇಜು ಊರಿನಲ್ಲಿ ಬರುವ ಗಿರಾಕಿಯ ವಯಸ್ಸು ಈ ಎರಡು ಅಂಕೆಗಳ ನಡುವೆಯೇ ಇರುತ್ತದೆ. ಬೇರೆ ಊರಿನಲ್ಲಿ ಇದು ವಕೀಲರ ವಿನೋದವಾಗಬಹುದು. ಇಲ್ಲಿ ಪ್ರತಿರಾತ್ರಿಯ ವ್ಯವಹಾರ. ತಪಾಸಣೆಗೆ ಬಂದವನು ಯಾವ ಅಂಕೆಯನ್ನು ಹಿಡಿಯುವನೆಂಬುದು ಅವನ ಮನಸ್ಸಿಗೆ ಬಿಟ್ಟುದಾದರೆ, ಅದರಿಂದ ಹುಡುಗರಿಗೆ ಸಂಯಮದ ಪಾಠವಾಗದು, ಬೇರೊಂದು ಪಾಠವಾದೀತು. ನಮ್ಮ ಅಭಿಪ್ರಾಯದಲ್ಲಿ ಕಾಯಿದೆಯನ್ನೇ ಇಪ್ಪತ್ತೊಂದಕ್ಕೆ ಏರಿಸುವುದು ಮೇಲು.

ವಿದ್ಯಾಸಂಸ್ಥೆಗಳಿಂದ ನೂರು ಮೀಟರಿನೊಳಗೆ ಮದ್ಯದ ಅಂಗಡಿಯಿರಕೂಡದೆಂಬುದೂ ಆ ನಿಯಮಗಳಲ್ಲಿದೆ. ಊರೇ ಕಾಲೇಜಾಗಿರುವಲ್ಲಿ ಅಳತೆಯ ಸರಪಳಿಯನ್ನು ಯಾವ ಕಂಬಕ್ಕೆ ಕಟ್ಟಬೇಕೆಂಬುದನ್ನು ಮಾತ್ರ ನಿಯಮವು ಹೇಳಲಿಲ್ಲ. ಇನ್ನು 2016ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಹೆದ್ದಾರಿಗಳಿಂದ ಐನೂರು ಮೀಟರಿನೊಳಗಿನ ಮದ್ಯದ ಮಾರಾಟವನ್ನು ನಿಷೇಧಿಸಿತು. ಮಲ್ಪೆಯಿಂದ ತೀರ್ಥಹಳ್ಳಿಗೆ ಹೋಗುವ ಹೆದ್ದಾರಿಯು ಮಣಿಪಾಲದ ನಟ್ಟನಡುವೆಯೇ ಹಾಯ್ದಿದೆ. ಆದರೆ 2017ರ ಜುಲೈಯಲ್ಲಿ, ಪುರಸಭೆ ನಗರಸಭೆಗಳ ಎಲ್ಲೆಯೊಳಗೆ ಈ ನಿಷೇಧವು ಅನ್ವಯಿಸದೆಂದು ಅದೇ ನ್ಯಾಯಾಲಯವು ಸ್ಪಷ್ಟಪಡಿಸಿತು. ಪ್ರಕರಣ ಅಲ್ಲಿಗೆ ಮುಗಿಯಿತು.

ನಾವು ಹೆಚ್ಚು ಹೇಳಬೇಕೆಂದಿರುವುದು ಮದ್ಯದ ಮಾತಲ್ಲ, ಶಬ್ದದ ಮಾತು. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕವನ್ನು ಬಳಸಕೂಡದು. ಮುಚ್ಚಿದ ಕಟ್ಟಡದೊಳಗೆ, ಒಳಗಿದ್ದವರ ಉಪಯೋಗಕ್ಕೆ ಮಾತ್ರ ಬಳಸುವುದಾದರೆ ವಿನಾಯಿತಿಯುಂಟು. ವರ್ಷದಲ್ಲಿ ಹದಿನೈದು ದಿನಗಳನ್ನು ಮೀರದಂತೆ ಉತ್ಸವಗಳಿಗಾಗಿ ನಡುರಾತ್ರಿ ಹನ್ನೆರಡರವರೆಗೆ ಸರಕಾರವು ಸಡಿಲಿಕೆ ಕೊಡಬಹುದು. ಆಸ್ಪತ್ರೆ, ವಿದ್ಯಾಸಂಸ್ಥೆ, ನ್ಯಾಯಾಲಯಗಳ ಸುತ್ತಣ ನೂರು ಮೀಟರನ್ನು ನಿಶ್ಶಬ್ದ ವಲಯವೆಂದು ಸಾರಬಹುದು. ನಿಯಮವು ಅಯೋಗ್ಯವೆಂದು ನಾವು ಎನ್ನುವುದಿಲ್ಲ. ಊರ ನಡುವೆಯೇ ದೊಡ್ಡ ಆಸ್ಪತ್ರೆಯಿರುವ ಮಣಿಪಾಲದಲ್ಲಿ ರೋಗಿಯ ನಿದ್ದೆಗೆ ಬೆಲೆ ಕೊಡಲೇಬೇಕು. ಆದರೆ ಇದರ ಫಲವು ಈ ಕರಾವಳಿಯಲ್ಲಿ ಎಂತಹುದೆಂಬುದನ್ನು ಅಧಿಕಾರಿವರ್ಗವು ಒಮ್ಮೆ ಯೋಚಿಸಲಿ. ಗೋಡೆಯುಳ್ಳವನ ಸಂಗೀತಕ್ಕೆ ರಾತ್ರಿಯು ತೆರೆದಿದೆ. ಗೋಡೆಯಿಲ್ಲದವನ ಆಟಕ್ಕೆ ಮುಚ್ಚಿದೆ.

ಬಯಲಾಟವೆಂಬ ಹೆಸರೇ ಹೇಳುವಂತೆ ಯಕ್ಷಗಾನಕ್ಕೆ ಗೋಡೆಯಿಲ್ಲ. ಹರಕೆ ಹೊತ್ತವನ ಗದ್ದೆಯಲ್ಲಿ ಅಥವಾ ಮನೆಯ ಅಂಗಳದಲ್ಲಿ ರಂಗಸ್ಥಳ. ಹಿಂದೆ ಚೌಕಿಯಲ್ಲಿ ವೇಷ ಕಟ್ಟುವವರು. ಮುಂದೆ ಚಾಪೆ ಹಾಸಿಕೊಂಡ ಮಕ್ಕಳು. ಬದಿಯಲ್ಲಿ ಚಹಾ, ಚರುಮುರಿ, ಗೋಳಿಬಜೆಗಳ ಅಂಗಡಿ. ಸಭಾಲಕ್ಷಣದಿಂದ ತೊಡಗಿ ಮಂಗಳದವರೆಗೆ, ಸೂರ್ಯ ಮುಳುಗಿದ ಮೇಲಿನಿಂದ ಮೂಡುವವರೆಗೆ. ದೀಪಾವಳಿಯ ತರುವಾಯ ತಿರುಗಾಟಕ್ಕೆ ಹೊರಟ ಮೇಳಗಳು ಮೇ ತಿಂಗಳ ಕೊನೆಗೆ, ಪತ್ತನಾಜೆಯ ಹೊತ್ತಿಗೆ, ಗೆಜ್ಜೆ ಬಿಚ್ಚುತ್ತವೆ. ಕಾಲೇಜಿನ ವರ್ಷವೂ ಹೆಚ್ಚುಕಡಮೆ ಇದೇ ಕಾಲದ್ದೆಂಬುದನ್ನು ಗಮನಿಸಬೇಕು. ಟಿಕೆಟಿಲ್ಲ, ಉಡುಪಿನ ಕಟ್ಟುಪಾಡಿಲ್ಲ, ಜೊತೆಗೆ ಜೋಡಿಯಿರಬೇಕೆಂಬ ನಿರ್ಬಂಧವಿಲ್ಲ. ಅಜ್ಜಿಯೂ ಮೊಮ್ಮಗಳೂ ಬೆಳಗಿನ ಜಾವ ಮೂರು ಗಂಟೆಗೆ ಒಂದೇ ಚಾಪೆಯ ಮೇಲೆ ಕುಳಿತು ನೋಡುವ ರಾತ್ರಿಯ ವಿನೋದವು ಭರತಖಂಡದ ಎಷ್ಟು ಕಾಲೇಜು ಊರುಗಳ ಮಗ್ಗುಲಲ್ಲಿದೆ?

ಈ ಆಟವೇ 2022ರ ಕೊನೆಯಲ್ಲಿ ಸಂಕಟಕ್ಕೆ ಸಿಕ್ಕಿತು. ಧ್ವನಿವರ್ಧಕದ ನಿಯಮದ ಕಾರಣ ಕಟೀಲಿನ ಮೇಳಗಳು ರಾತ್ರಿ ಹತ್ತೂವರೆಗೆ ಮುಗಿಯುವಂತೆ ಕಾಲಮಿತಿಯ ಆಟವನ್ನು ಆಡತೊಡಗಿದುವು. ಭಕ್ತರು ಉಚ್ಚ ನ್ಯಾಯಾಲಯದವರೆಗೂ ಹೋದರು; 2024ರ ಜನವರಿಯಿಂದ, ಶಬ್ದದ ಮಿತಿಗೆ ಒಳಪಟ್ಟು, ಇಡೀ ರಾತ್ರಿಯ ಆಟವು ಮರಳಿ ನಡೆಯಿತು. ಕಾಲಮಿತಿಯೇ ಯುಗಧರ್ಮವೆನ್ನುವವರೂ ಉಂಟು. ಶಿವರಾಮ ಕಾರಂತರಂತಹ ಮಹನೀಯರೇ ಯಕ್ಷಗಾನವನ್ನು ಕೆಲವು ಗಂಟೆಗಳ ನೃತ್ಯರೂಪಕವಾಗಿ ಪರಿಷ್ಕರಿಸಿ ತೋರಿಸಿದರು. ಕಲೆಯ ದೃಷ್ಟಿಯಿಂದ ಕಲಾವಿದನು ತಾನೇ ಮೊಟಕುಗೊಳಿಸುವುದು ಒಂದು. ಪೋಲೀಸರ ಗಡಿಯಾರವು ಮೊಟಕುಗೊಳಿಸುವುದು ಇನ್ನೊಂದು.

ಕಾರಂತರ ಹೆಸರು ಬಂದುದರಿಂದ ಇನ್ನೊಂದು ಮಾತು. ಅವರ ಮಾರ್ಗದರ್ಶನದಲ್ಲಿ 1971ರಲ್ಲಿ ಉಡುಪಿಯ ಎಂ. ಜಿ. ಎಂ. ಕಾಲೇಜಿನ ಆಶ್ರಯದಲ್ಲಿ ಆರಂಭವಾದ ಯಕ್ಷಗಾನ ಕೇಂದ್ರವು ಇಂದು ಮಣಿಪಾಲದ ವಿಶ್ವವಿದ್ಯಾಲಯದ ಅಂಗವಾಗಿಯೇ ಇಂದ್ರಾಳಿಯಲ್ಲಿದೆ. ಇಂದ್ರಾಳಿಯೆಂದರೆ ಉಡುಪಿ–ಮಣಿಪಾಲಗಳ ದಾರಿಯ ನಡುವೆ. ಬನ್ನಂಜೆ ಸಂಜೀವ ಸುವರ್ಣರಂತಹ ಗುರುಗಳು ಅಲ್ಲಿ ಮಕ್ಕಳಿಗೆ ಹೆಜ್ಜೆ ಕಲಿಸಿದರು. ಹೊರದೇಶದವರೂ ಬಂದು ಕಲಿತುಹೋದರು. ದಿನವೂ ಆ ದಾರಿಯಲ್ಲಿ ಹೋಗಿಬರುವ ಸಾವಿರಾರು ವಿದ್ಯಾರ್ಥಿಗಳಲ್ಲಿ ಆ ಅಂಗಳವನ್ನು ಹೊಕ್ಕವರು ಎಷ್ಟು ಮಂದಿ? ದೋಷವು ಅವರದೆಂದು ನಾವು ಹೇಳಲಾರೆವು. ಕರೆಯದ ಮನೆಗೆ ಪರವೂರ ಹುಡುಗನು ಹೇಗೆ ಹೋದಾನು? ಕೇಂದ್ರದಿಂದ ಮುಂದಕ್ಕೆ ಸಾಗಿದರೆ ಎಂ. ಜಿ. ಎಂ. ಕಾಲೇಜಿನ ರವೀಂದ್ರ ಮಂಟಪ, ಇನ್ನೂ ಮುಂದೆ ಶ್ರೀಕೃಷ್ಣ ಮಠದ ರಾಜಾಂಗಣ. ನಾಟಕ, ಸಂಗೀತ, ತಾಳಮದ್ದಲೆಗಳಿಗೆ ಉಡುಪಿಯಲ್ಲಿ ಬಡತನವಿಲ್ಲ. ಗುಡ್ಡದ ಮೇಲಿನವರಿಗೆ ಅದರ ಸುದ್ದಿ ಮುಟ್ಟುವುದಿಲ್ಲ, ಮುಟ್ಟಿದರೂ ಆಟ ಮುಗಿದ ಮೇಲೆ ಮರಳುವ ದಾರಿ ತಿಳಿಯದು.

ಮರಳುವ ದಾರಿಯೇ ಎಲ್ಲಕ್ಕಿಂತ ಮುಖ್ಯವಾದುದು. 2009ರ ಜನವರಿ 24ರಂದು ಮಂಗಳೂರಿನ ಪಾನಗೃಹವೊಂದಕ್ಕೆ ನುಗ್ಗಿದ ಗುಂಪು ಹೆಣ್ಣುಮಕ್ಕಳನ್ನು ಹೊಡೆದು ಎಳೆದಾಡಿದುದನ್ನು ದೇಶವೆಲ್ಲ ಕಂಡಿತು. ಸಂಸ್ಕೃತಿಯ ರಕ್ಷಣೆಯೆಂಬ ಹೆಸರನ್ನು ಅದಕ್ಕೆ ಕೊಟ್ಟರು. ಹೆಂಗಸಿನ ಮೇಲೆ ಕೈಯೆತ್ತುವುದನ್ನು ಕಲಿಸುವ ಸಂಸ್ಕೃತಿಯು ಯಾವ ಶಾಸ್ತ್ರದಲ್ಲಿದೆಯೋ ನಮ್ಮ ಪಾಠಶಾಲೆಯ ಗುರುಗಳು ನಮಗೆ ಹೇಳಿಕೊಡಲಿಲ್ಲ. 2018ರ ಮಾರ್ಚಿಯಲ್ಲಿ ಸಾಕ್ಷ್ಯವು ಸಾಲದೆ ಆರೋಪಿಗಳೆಲ್ಲರೂ ಬಿಡುಗಡೆಯಾದರು. ಲೋಕವೇ ಚಿತ್ರದಲ್ಲಿ ಕಂಡ ಕೃತ್ಯಕ್ಕೆ ಸಾಕ್ಷ್ಯ ಸಿಕ್ಕದಿದ್ದುದು ತನಿಖೆ ನಡೆಸಿದವರಿಗೆ ಕೀರ್ತಿಯಲ್ಲ. ಇನ್ನು 2013ರ ಜೂನಿನಲ್ಲಿ ಮಣಿಪಾಲದಲ್ಲಿಯೇ ವಿದ್ಯಾರ್ಥಿನಿಯೊಬ್ಬಳ ಮೇಲೆ ನಡೆದ ಘೋರ ಅಪರಾಧವನ್ನು ಊರು ಮರೆತಿಲ್ಲ. ಆಕೆ ಅಂದು ರಾತ್ರಿ ಬರುತ್ತಿದ್ದುದು ಪಾನಗೃಹದಿಂದಲ್ಲ, ಗ್ರಂಥಾಲಯದಿಂದ. ರಾತ್ರಿಯ ವಿನೋದಗಳ ಬಾಗಿಲು ಹಾಕಿದೊಡನೆ ಹೆಣ್ಣುಮಕ್ಕಳು ಕ್ಷೇಮವಾಗಿರುವರೆಂದು ವಾದಿಸುವವರು ಇದನ್ನು ನೆನಪಿನಲ್ಲಿಡಬೇಕು. ಎಲ್ಲ ಅಂಗಡಿಗಳೂ ಮುಚ್ಚಿ ದೀಪವಾರಿದ ಬೀದಿಗಿಂತ ನಾಲ್ಕು ಚಹದಂಗಡಿಗಳು ತೆರೆದಿರುವ ಬೀದಿಯೇ ಒಬ್ಬಂಟಿಗೆ ಹೆಚ್ಚು ನೆಮ್ಮದಿ.

ಚಹದಂಗಡಿಯ ವಿಷಯದಲ್ಲಿಯೂ ಸರಕಾರದ ಕ್ರಮವು ನಮಗೆ ಅರ್ಥವಾಗದು. 2021ರ ಜನವರಿಯಲ್ಲಿ ಅದು ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಅಂಗಡಿಗಳು ಇಪ್ಪತ್ತನಾಲ್ಕು ಗಂಟೆಯೂ ತೆರೆದಿರಬಹುದೆಂದು ಆಜ್ಞೆ ಹೊರಡಿಸಿತು. ಗಂಡ, ಹೆಂಡತಿ, ಒಬ್ಬ ಹುಡುಗ, ಮೂವರೇ ಸೇರಿ ನಡೆಸುವ ಇಡ್ಲಿಯ ಹೋಟೆಲಿಗೆ ಆ ಅನುಕೂಲವಿಲ್ಲ. ಹೊಟ್ಟೆ ಹಸಿದ ವಿದ್ಯಾರ್ಥಿಗೆ ರಾತ್ರಿ ಬೇಕಾಗಿರುವುದು ಆ ಇಡ್ಲಿಯೇ.

ನಮ್ಮ ಬೇಡಿಕೆಯು ದೊಡ್ಡದಲ್ಲ. ಉಡುಪಿಯು ರಾತ್ರಿಯನ್ನು ನಡೆಸಲು ಅರಿಯದ ಊರೇನೂ ಅಲ್ಲ. ಎರಡು ವರ್ಷಕ್ಕೊಮ್ಮೆ, ಜನವರಿ 17ರ ರಾತ್ರಿ, ಪರ್ಯಾಯಕ್ಕಾಗಿ ಊರಿಗೆ ಊರೇ ಎದ್ದಿರುತ್ತದೆ. ಬೀದಿಬೀದಿಗಳಲ್ಲಿ ಹಾಡು, ಆಟ, ತಿಂಡಿಯಂಗಡಿ. ಬೆಳಗಿನ ಜಾವ ಜೋಡುಕಟ್ಟೆಯಿಂದ ಮೆರವಣಿಗೆ ಹೊರಡುವವರೆಗೂ ಹೆಂಗಸರು ಮಕ್ಕಳು ನಿರ್ಭಯವಾಗಿ ಓಡಾಡುತ್ತಾರೆ. ಆ ರಾತ್ರಿ ದೀಪವುಂಟು, ಪೋಲೀಸರುಂಟು, ವಾಹನಗಳಿಗೆ ದಾರಿಯ ಏರ್ಪಾಡುಂಟು. ಹೊತ್ತು ಮೀರಿ ಹೊರಗಿರುವೆಯೇಕೆ ಎಂದು ಯಾರನ್ನೂ ಯಾರೂ ಕೇಳುವುದಿಲ್ಲ. ಇದರ ಹತ್ತರಲ್ಲೊಂದು ಪಾಲನ್ನು ಮೇಳಗಳ ತಿರುಗಾಟದ ಕಾಲದಲ್ಲಿ ಶನಿವಾರದ ರಾತ್ರಿಗಳಿಗೆ ಮಾಡಿಕೊಟ್ಟರೆ ಸಾಕು. ಟೈಗರ್ ಸರ್ಕಲ್ಲಿನಿಂದ ಆಟದ ಬಯಲಿಗೂ ರಾಜಾಂಗಣಕ್ಕೂ ಹೋಗಿ ಬರುವ ಒಂದು ಬಸ್ಸು; ಹಾಸ್ಟೆಲ್ಲಿನ ದಾರಿಗೆ ದೀಪ; ಅಂದಿನ ಪ್ರಸಂಗದ ಕಥೆಯನ್ನು ಹಿಂದಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಅಚ್ಚುಹಾಕಿಸಿದ ಒಂದು ಹಾಳೆ. ಬಸ್ಸಿನ ವೆಚ್ಚವನ್ನು ವಿಶ್ವವಿದ್ಯಾಲಯವೂ ದೀಪದ ವೆಚ್ಚವನ್ನು ನಗರಸಭೆಯೂ ಹೊರಬಹುದು. ಹಾಳೆಯನ್ನು ಅಚ್ಚುಹಾಕಿಸಲು ಉಡುಪಿಯ ಕಲಾಸಂಘಗಳೇ ಮುಂದೆ ಬಂದಾವು. ಹಾಸ್ಟೆಲ್ಲಿನ ಗೇಟನ್ನು ಆ ಒಂದು ರಾತ್ರಿ ಬಸ್ಸು ಮರಳುವವರೆಗೆ ತೆರೆದಿಡುವುದು ವಾರ್ಡನ್ನರ ಕೈಯಲ್ಲಿದೆ.