ಮತಪಟ್ಟಿ ಒಂದೇ ಯಾಕೆ?

ಭೋಜ ಗ್ರಾಮದ ಮತಗಟ್ಟೆಗೆ ಜೈನರು ಬರಲಿ, ಲಿಂಗಾಯತರು ಬರಲಿ, ಮುಸ್ಲಿಮರು ಬರಲಿ, ಕ್ರೈಸ್ತರು ಬರಲಿ: ಪಟ್ಟಿ ಒಂದೇ, ಸಾಲೂ ಒಂದೇ. ಇದು ತಾನಾಗಿ ಬಂದದ್ದಲ್ಲ.

ಬ್ರಿಟಿಷರ ಕಾಲದಲ್ಲಿ ಮತದಾರರನ್ನು ಧರ್ಮದ ಮೇಲೆ ವಿಂಗಡಿಸಿದ್ದರು. 1919ರ ಕಾಯ್ದೆ ಬಂದ ಮೇಲೆ ಮದ್ರಾಸ್ ಪ್ರಾಂತ್ಯದಲ್ಲಿ ಭಾರತೀಯ ಕ್ರೈಸ್ತರಿಗೂ ಪ್ರತ್ಯೇಕ ಮತಕ್ಷೇತ್ರ ಸಿಕ್ಕಿತು. ಅಲ್ಲಿ ಅಭ್ಯರ್ಥಿಯೂ ಕ್ರೈಸ್ತ, ಮತದಾರನೂ ಕ್ರೈಸ್ತ.

ಮುಂದೆ ಸಂವಿಧಾನ ಸಭೆ ಸೇರಿತು. ಅದರ ಉಪಾಧ್ಯಕ್ಷ ಹರೇಂದ್ರ ಕುಮಾರ್ ಮುಖರ್ಜಿ ಬಂಗಾಳದ ಕ್ರೈಸ್ತರು. ಸದಸ್ಯರಲ್ಲಿ ಒಬ್ಬರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಜೆಸ್ವಿಟ್ ಪಾದ್ರಿ, ಜೆರೋಮ್ ಡಿಸೋಜಾ. 1949ರ ಮೇ ತಿಂಗಳಲ್ಲಿ, ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಯಲ್ಲಿ ಮೀಸಲು ಸ್ಥಾನ ಬೇಡ ಎಂಬ ನಿರ್ಧಾರವಾದಾಗ ಇಬ್ಬರೂ ಅದರ ಪರ ನಿಂತರು.

ಸ್ಥಾನ ಬಿಟ್ಟರು, ಹಕ್ಕು ಬಿಡಲಿಲ್ಲ. ಸಂವಿಧಾನದ 25ನೇ ವಿಧಿ ಎಲ್ಲರಿಗೂ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯ ಕೊಟ್ಟಿತು. ಧರ್ಮದ ಕಾರಣಕ್ಕೆ ಯಾರನ್ನೂ ಮತಪಟ್ಟಿಯಿಂದ ಹೊರಗಿಡುವಂತಿಲ್ಲ ಎಂದಿತು 325ನೇ ವಿಧಿ.

ಒಂದು ಚಿಕ್ಕ ಸಮುದಾಯ ತನ್ನ ಬೇಲಿ ತೆಗೆದು ನೆರೆಯವರನ್ನು ನಂಬಿತು. ಆ ನಂಬಿಕೆ ಉಳಿಸುವ ಹೊಣೆ ಈಗ ನಮ್ಮದು. ಮುಂದಿನ ಸಲ ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುವಾಗ ಇದನ್ನು ನೆನಪಿಡೋಣ.